ಮಾವನ ಇಂಪಾಲಾದ ಎರಡು ಗೇರು

ಮಾವನ ಇಂಪಾಲಾ ಕೈಕೊಟ್ಟಿದ್ದು ಆಯುಧಪೂಜೆಯ ದಿನವೇ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಅತ್ತೆ ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಮಾವ ಲಿವರನ್ನು 'ಡಿ'ಗೆ ಎಳೆದು ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಕೂಗಿತು, ಗಾಡಿ ಅಲ್ಲಾಡಲಿಲ್ಲ. ನಿಂಬೆಹಣ್ಣು ಹಾಗೇ ಉಳಿಯಿತು.

1964ರ ಶೆವ್ರೊಲೆ. ಒಳಗಿರುವುದು ಪವರ್‌ಗ್ಲೈಡ್ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 1950ರಲ್ಲಿ ಬಂದದ್ದು, 1973ರವರೆಗೂ ನಡೆಯಿತು. ಅದರಲ್ಲಿ ಮುಂದಕ್ಕೆ ಹೋಗಲು ಇರುವುದೇ ಎರಡು ಗೇರು.

ನಾನು ರಾತ್ರಿಯೆಲ್ಲ ಮೊಬೈಲ್ ನೋಡಿ ತಯಾರಾಗಿದ್ದೆ. "ಮಾವ, ಇದನ್ನ ಬಿಟ್ಟಾಕಿ. 700ಆರ್4 ಅನ್ನೋ ಗೇರ್‌ಬಾಕ್ಸ್ ತರಿಸೋಣ, 1982ರಲ್ಲಿ ಬಂದದ್ದು, ನಾಲ್ಕು ಗೇರು. ನಾಲ್ಕನೇದರಲ್ಲಿ ಎಂಜಿನ್ ಏಳು ಸುತ್ತು ಹಾಕಿದ್ರೆ ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟ್ ಹತ್ತು ಸುತ್ತು ತಿರುಗುತ್ತೆ. ಪೆಟ್ರೋಲ್ ಉಳಿಯುತ್ತೆ."

"ನಾಲ್ಕನೇ ಗೇರು ಎಲ್ಲಿ ಹಾಕ್ತೀಯೋ, ಟೌನ್ ಹಾಲ್ ಮುಂದೆನಾ?" ಅಂದರು ಮಾವ.

ಗಾಡಿಯನ್ನು ಬಸವನಗುಡಿಯಿಂದ ಎಳೆಸಿಕೊಂಡು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಗ್ಯಾರೇಜಿಗೆ ತಂದೆವು. ಅಲ್ಲಿನ ಭಾಯ್‌ಗೂ ನನ್ನ ಐಡಿಯಾ ಹೇಳಿದೆ. ಅವರು ನಗಲಿಲ್ಲ. "ಹಾಕಬಹುದು ಸಾರ್. ಆದ್ರೆ ಬಾಕ್ಸ್ ಒಂದೇ ತಂದ್ರೆ ಆಗಲ್ಲ. ಪ್ರೊಪೆಲ್ಲರ್ ಶಾಫ್ಟ್ ಅಳತೆ ಬದಲಾಗುತ್ತೆ, ಹಿಂದಿನ ಮೌಂಟ್ ಬೇರೆ, ಕಾರ್ಬುರೇಟರ್‌ನಿಂದ ಬರೋ ಕೇಬಲ್ ಬೇರೆ. ಆ ಕೇಬಲ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಆಯಿಲ್ ಪ್ರೆಶರ್ ಬರಲ್ಲ, ಹೊಸ ಬಾಕ್ಸೂ ಸುಟ್ಟೋಗುತ್ತೆ." ಅದರ ಮೇಲೆ ಹಡಗಿನ ಬಾಡಿಗೆ, ಕಸ್ಟಮ್ಸ್. ನಾನು ಸುಮ್ನಾದೆ. ಪೂರ್ತಿ ಒಪ್ಪಿದ್ದೆ ಅಂತಲ್ಲ.

ಹಳೇ ಬಾಕ್ಸಿನ ತಳದ ಪ್ಯಾನ್ ಬಿಚ್ಚಿದಾಗ ಸುರಿದ ಆಯಿಲ್ ಕೆಂಪಗಿರಬೇಕಿತ್ತು. ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಸೀದ ವಾಸನೆ ಬೇರೆ. ಕ್ಲಚ್ ಪ್ಲೇಟುಗಳ ಲೈನಿಂಗ್ ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಭಾಯ್ ಒಂದು ರಬ್ಬರ್ ಸೀಲನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಿ ಅಂದರು. ಹಪ್ಪಳದ ಹಾಗೆ ಪಟ್ ಅಂತ ಮುರಿಯಿತು. ಇಂಥ ಸೀಲಿನ ಸಂದಿಯಿಂದ ಪ್ರೆಶರ್ ಸೋರಿದರೆ ಪಿಸ್ಟನ್ ಬ್ಯಾಂಡನ್ನು, ಅಂದರೆ ಮೊದಲನೇ ಗೇರಿಗೆ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಯನ್ನು, ಬಿಗಿಯೋದು ಹೇಗೆ?

ರಿಪೇರಿ ಕಿಟ್ ಬರಲು ತಿಂಗಳ ಮೇಲಾಯಿತು. ಜೋಡಿಸುವ ದಿನ ನಾನು ರಜೆ ಹಾಕಿ ಹೋದೆ. ಹೊಸ ಪ್ಲೇಟುಗಳು ಹಿಂದಿನ ರಾತ್ರಿಯಿಂದ ಆಯಿಲಿನಲ್ಲಿ ನೆನೆಯುತ್ತಿದ್ದವು, ದೋಸೆಗೆ ಉದ್ದು ನೆನೆಹಾಕಿದ ಹಾಗೆ. ವಾಷರುಗಳು ಜಾರದಂತೆ ಕೂರಿಸಲು ಭಾಯ್ ವ್ಯಾಸಲೀನ್ ಕೇಳಿದರು. ಗ್ರೀಸ್ ಹಚ್ಚಬಾರದಂತೆ, ಅದು ಕರಗದೆ ಆಯಿಲ್ ದಾರಿಗೆ ಅಡ್ಡ ಕೂರುತ್ತೆ. ಮಾವ ಚೀಲದಿಂದ ಅತ್ತೆಯ ಡಬ್ಬ ತೆಗೆದರು. ಕೇಳಿ ತಂದಿರಲಿಲ್ಲ ಅನ್ನೋದು ಮುಖದಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಕಂಪ್ರೆಸರಿನ ಗಾಳಿಯನ್ನು ಆಯಿಲ್ ತೂತಿಗೆ ಹಿಡಿದರು. ಒಳಗೆ 'ಧಪ್' ಅಂತ ಸದ್ದು. ಕ್ಲಚ್ ಪಿಸ್ಟನ್ ಕೂತ ಸದ್ದು ಅದು. ಸೋರುತ್ತಿದ್ದರೆ ಬರೀ 'ಸುಯ್' ಅನ್ನುತ್ತಿತ್ತು. ಕೊನೆಗೆ ಬ್ಯಾಂಡಿನ ಸ್ಕ್ರೂ. 70 ಇಂಚ್-ಪೌಂಡಿಗೆ ಬಿಗಿ ಮಾಡಿ, ಸರಿಯಾಗಿ 3 ಸುತ್ತು ಹಿಂದಕ್ಕೆ. ಓಡಿದ ಬ್ಯಾಂಡಾದರೆ 4 ಸುತ್ತು. ಭಾಯ್ ಸ್ಕ್ರೂ ತಲೆಯ ಮೇಲೆ ಚಾಕ್‌ಪೀಸಿನ ಗೆರೆ ಎಳೆದುಕೊಂಡು ಜೋರಾಗಿ ಎಣಿಸಿದರು. ಮಾವನೂ ಜೊತೆಗೆ ಎಣಿಸಿದರು.

ವಾಪಸ್ ಬರುವಾಗ ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಎರಡನೇ ಗೇರು ಬಿತ್ತು. ಬಿದ್ದಿದ್ದೇ ಗೊತ್ತಾಗಲಿಲ್ಲ, ಎಂಜಿನ್ ಸದ್ದು ಮಾತ್ರ ಇಳಿಯಿತು. ಎದುರಿಗೆ ಬಸ್ಸು, ಆಟೊ, ಮತ್ತೆ ಬಸ್ಸು. ಮಾವ ನನ್ನ ಕಡೆ ತಿರುಗಿ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ಮರುದಿನ ಬೆಳಿಗ್ಗೆ ಗಾಡಿ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದೇ ಒಂದು ಕೆಂಪು ಹನಿ. ಭಾಯ್‌ಗೆ ಫೋನ್ ಮಾಡಿದೆ. "ಪ್ಯಾನ್ ಬೋಲ್ಟ್ ಇನ್ನೊಂದ್ಸಲ ಟೈಟ್ ಮಾಡಬೇಕು, ಸೋಮವಾರ ತನ್ನಿ ಸಾರ್" ಅಂದರು. ಮಾವ ಆ ಹನಿಯನ್ನು ಬೆರಳಲ್ಲಿ ಒರೆಸಿ, ಮೂಸಿ ನೋಡಿ, "ಬಣ್ಣ ಸರಿಯಾಗಿದೆ ಕಣೋ" ಅಂದರು.