ಕನ್ನಡದವರಿಗೆ ಸ್ಪ್ಯಾನಿಷ್ ಕಷ್ಟನಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಟೆಕ್ಸಾಸ್‌ನಲ್ಲಿ ಎಂ.ಎಸ್. ಮಾಡುವಾಗ ಯೂನಿವರ್ಸಿಟಿಯಲ್ಲೇ ಒಂದು ಸೆಮಿಸ್ಟರ್ ಸ್ಪ್ಯಾನಿಷ್ ಕಲಿತೆ ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲಾಗಲಿ ಆಫೀಸಿನ ಊಟದ ಮೇಜಿನಲ್ಲಾಗಲಿ ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, ಯಾಕೆ? ಎರಡು, ಕಷ್ಟನಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಾನು ಸಿವಿಲ್‌ನವನು. ಟೆಕ್ಸಾಸ್‌ನಲ್ಲಿ ಹತ್ತು ಜನರಲ್ಲಿ ಸುಮಾರು ನಾಲ್ಕು ಜನ ಹಿಸ್ಪಾನಿಕ್ ಮೂಲದವರು, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಕಡೆಯವರು. ನಾನು ನೋಡಿದ ಸೈಟುಗಳಲ್ಲೆಲ್ಲ ಕೆಲಸಗಾರರ ಮಾತು ಸ್ಪ್ಯಾನಿಷ್. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಹತ್ತರವರೆಗೆ ಲ್ಯಾಬಿನಲ್ಲಿ ಕಾಂಕ್ರೀಟ್ ಸಿಲಿಂಡರ್ ಒಡೆಯುತ್ತಾ ಕೂತಿದ್ದಾಗ ಆ ಕಟ್ಟಡದಲ್ಲಿ ನನ್ನ ಬಿಟ್ಟರೆ ಇರುತ್ತಿದ್ದದ್ದು ಒಬ್ಬರೇ: ನೆಲ ಒರೆಸಲು ಬರುತ್ತಿದ್ದ ಮೆಕ್ಸಿಕೋದ ಒಬ್ಬ ಅಮ್ಮ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನನಗೆ ಸ್ಪ್ಯಾನಿಷ್ ಒಂದಕ್ಷರ ಬಾರದು. ಎರಡು ತಿಂಗಳು ಬರೀ ನಕ್ಕು ಕೈ ಬೀಸಿದ್ದಾಯಿತು. ಆಮೇಲೆ ನಾಚಿಕೆಯಾಗಿ ಕೋರ್ಸಿಗೆ ಹೆಸರು ಕೊಟ್ಟೆ. ನನ್ನ ಗೈಡ್‌ಗೆ ಇದು ಇಷ್ಟವಾಗಲಿಲ್ಲ, ಆ ಕಥೆ ಬಿಡಿ.

ಎರಡನೆಯ ಪ್ರಶ್ನೆಗೇ ಈ ಬರಹ. ನನ್ನ ಉತ್ತರ ಇಷ್ಟು: ತಲೆಯೊಳಗೆ ಕನ್ನಡ ಇಟ್ಟುಕೊಂಡು ಕಲಿತರೆ ಅರ್ಧ ಸುಲಭ, ಇಂಗ್ಲಿಷ್ ಇಟ್ಟುಕೊಂಡು ಕಲಿತರೆ ಪೂರ್ತಿ ಕಷ್ಟ. ಇದು ನನಗೆ ಗೊತ್ತಾಗಿದ್ದು ಸೆಮಿಸ್ಟರ್ ಅರ್ಧ ಕಳೆದ ಮೇಲೆ.

ವಾರಕ್ಕೆ ಐದು ದಿನ, ಬೆಳಿಗ್ಗೆ ಎಂಟಕ್ಕೆ ಕ್ಲಾಸು. ಸುತ್ತ ಎಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು. ಅವರಲ್ಲಿ ಅರ್ಧದಷ್ಟು ಜನ ಹೈಸ್ಕೂಲಿನಲ್ಲಿ ಎರಡು ವರ್ಷ ಓದಿ ಬಂದು, ಸುಮ್ನೆ ಸುಲಭವಾಗಿ ಒಂದು 'ಎ' ಸಿಗಲಿ ಅಂತ ಮೊದಲ ಕೋರ್ಸಿನಲ್ಲೇ ಕೂತವರು. ಮೇಡಂ ಕೊಲಂಬಿಯಾದವರು. ಪಾಠಪುಸ್ತಕ ಎಲ್ಲವನ್ನೂ ಇಂಗ್ಲಿಷ್ ಬಲ್ಲವರಿಗೆ ಅಂತಲೇ ವಿವರಿಸುತ್ತದೆ: 'ಇಂಗ್ಲಿಷಿನಲ್ಲಿ ಹೀಗಿದೆ, ಸ್ಪ್ಯಾನಿಷ್‌ನಲ್ಲಿ ಮಾತ್ರ ವಿಚಿತ್ರವಾಗಿ ಹೀಗೆ.' ನಾನೂ ಆ ವಿಚಿತ್ರಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುತ್ತಿದ್ದೆ, ಅವು ನನಗೆ ವಿಚಿತ್ರವೇ ಅಲ್ಲ ಅಂತ ಹೊಳೆಯದೆ.

ಹೊಳೆದದ್ದು ಆ ಅಮ್ಮನಿಂದ. ಊರಿಂದ ಬಂದ ಚಕ್ಕುಲಿ ಕೊಟ್ಟೆ. ಯಾರು ಮಾಡಿದ್ದು ಅಂತ ಕೇಳಿದರು. ನಮ್ಮಮ್ಮ ಅಂದೆ. ಎಲ್ಲಿದ್ದಾರೆ ಅಂದರು. ದೂರ ಇದ್ದಾರೆ ಅನ್ನಲು ಹೋಗಿ 'ಮಿ ಮಮಾ ಎಸ್ ಲೇಹೋಸ್' ಅಂದೆ. ಅವರು ಮಾಪು ನಿಲ್ಲಿಸಿ 'ಎಸ್ತಾ ಲೇಹೋಸ್, ಮಿಹೋ' ಅಂತ ತಿದ್ದಿದರು. ಮಿಹೋ ಅಂದರೆ ನನ್ನ ಮಗನೇ ಅಂತ. ಮಂಡ್ಯದ ಕಡೆಯವನಿಗೆ 'ಮಗಾ' ಅನ್ನಿಸಿಕೊಂಡಷ್ಟೇ ಸಲೀಸು.

ಇಂಗ್ಲಿಷಿನ 'ಈಸ್' ಒಂದೇ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ಕ್ಲಾಸಿನಲ್ಲಿ ಎಲ್ಲರೂ ಒದ್ದಾಡುವ ಜಾಗ ಇದು. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಅಂತ ಒಂದು ಸೂತ್ರ ಹೇಳಿಕೊಡುತ್ತಾರೆ. (ಸತ್ತುಹೋಗಿದ್ದಾನೆ ಅನ್ನಲು ಎಸ್ತಾರ್ ಬಳಸುತ್ತಾರೆ. ಸಾವು ತಾತ್ಕಾಲಿಕವಾ ಮೇಡಂ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ, ಸೂತ್ರ ಅಲ್ಲಿಗೆ ಮುಗಿಯಿತು.) ಆದರೆ ಕನ್ನಡದಲ್ಲಿ ಯೋಚಿಸಿ ನೋಡಿ. 'ಅವರು ಟೀಚರ್', 'ಇವನು ನನ್ನ ತಮ್ಮ'. ಇಲ್ಲಿ ನಮಗೆ ಕ್ರಿಯಾಪದವೇ ಬೇಡ, ಅಲ್ವಾ? ಇಲ್ಲಿ ಸೆರ್. 'ಅಮ್ಮ ಮನೆಯಲ್ಲಿದ್ದಾರೆ', 'ಸಾರು ತಣ್ಣಗಿದೆ'. ಇಲ್ಲಿ 'ಇರು' ಬಂತು. ಇಲ್ಲಿ ಎಸ್ತಾರ್. ನಾನು ಕನ್ನಡದಲ್ಲಿ 'ದೂರ ಇದ್ದಾರೆ' ಅಂದುಕೊಂಡಿದ್ದರೆ ಸರಿಯಾಗಿಯೇ ಹೇಳುತ್ತಿದ್ದೆ. ಆದರೆ ತಲೆಯಲ್ಲಿ ಇಂಗ್ಲಿಷ್ ಓಡುತ್ತಿತ್ತು.

ಇದು ಎಲ್ಲ ಕಡೆ ನಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. 'ಅವನು ಎತ್ತರ ಇದ್ದಾನೆ' ಅನ್ನುವುದನ್ನು ನಂಬಿ ಪರೀಕ್ಷೆಯಲ್ಲಿ ಎಸ್ತಾರ್ ಬರೆದೆ, ಕೆಂಪು ಗೆರೆ ಬಿತ್ತು. ಆಕಾರ, ಗುಣ, ಬಣ್ಣಕ್ಕೆಲ್ಲ ಸಾಮಾನ್ಯವಾಗಿ ಸೆರ್ ಬೇಕು. ಆದರೂ ಮೊದಲ ಸೆಮಿಸ್ಟರಿನ ಮುಕ್ಕಾಲು ಪಾಲು ದಾಟಿಸುತ್ತದೆ.

ಇನ್ನೊಂದು ಗುಸ್ತಾರ್. 'ಮೆ ಗುಸ್ತಾ ಎಲ್ ಕಫೆ' ಅಂದರೆ 'ನನಗೆ ಕಾಫಿ ಇಷ್ಟ'. 'ನಾನು' ಅಲ್ಲ, 'ನನಗೆ'. ಪಕ್ಕದ ಹುಡುಗಿ ಇದಕ್ಕೆ ಎರಡು ವಾರ ತಲೆ ಚಚ್ಚಿಕೊಂಡಳು, 'ಕಾಫಿ ನನ್ನನ್ನು ಖುಷಿಪಡಿಸುತ್ತದೆ' ಅಂತ ತಿರುಚಿ ತಿರುಚಿ ನೆನಪಿಟ್ಟುಕೊಳ್ಳುತ್ತಿದ್ದಳು. ನಮಗೆ ತಿರುಚುವ ಕೆಲಸವೇ ಇಲ್ಲ. 'ಮೆ ದುಏಲೆ ಲಾ ಕಬೇಸಾ', ನನಗೆ ತಲೆ ನೋಯುತ್ತೆ. ಅಷ್ಟೇ. ಆದರೆ ಹಸಿವಿಗೆ ಮಾತ್ರ ಅವರು 'ನನ್ನ ಹತ್ತಿರ ಹಸಿವಿದೆ' ಅನ್ನುವ ಥರ 'ತೇಂಗೊ ಆಂಬ್ರೆ' ಅನ್ನುತ್ತಾರೆ, ಅಲ್ಲಿ ನಮ್ಮ 'ನನಗೆ' ಕೈಕೊಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೂ ಸಣ್ಣ ವಿಷಯ. ಸ್ಪ್ಯಾನಿಷ್‌ನಲ್ಲಿ ಮನೆ ನೋಡಿದರೆ ಸುಮ್ನೆ 'ಮನೆ ನೋಡಿದೆ'. ಮನುಷ್ಯರನ್ನು ನೋಡಿದರೆ ಹೆಸರಿನ ಮುಂದೆ ಒಂದು 'ಆ' ಸೇರಿಸಬೇಕು. ಯಾಕೆ ಅಂತ ಕ್ಲಾಸಿಗೆ ಕ್ಲಾಸೇ ಕೇಳಿತು. ಕನ್ನಡದಲ್ಲಿ 'ಮನೆ ನೋಡಿದೆ' ಸರಿ, 'ಅಮ್ಮ ನೋಡಿದೆ' ಅಂದರೆ ಯಾರಾದರೂ ನಗುತ್ತಾರೆ, 'ಅಮ್ಮನನ್ನು ನೋಡಿದೆ' ಅನ್ನಬೇಕು. ಆ 'ಆ' ನಮ್ಮ 'ಅನ್ನು'. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದ ನಿಯಮ, ಹಾಗೊಂದು ನಿಯಮ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

'ನಾನು', 'ನೀನು' ಬಿಟ್ಟು ಮಾತಾಡುವುದು, ಕ್ರಿಯಾಪದದ ಬಾಲ ನೋಡಿ ಯಾರು ಅಂತ ತಿಳಿಯುವುದು, ಇದೆಲ್ಲ ನಮಗೆ ರಕ್ತದಲ್ಲಿದೆ. ನೀನು, ನೀವು ಅನ್ನುವ ಭೇದವೂ ಇದೆ: ತು ಮತ್ತು ಉಸ್ತೆದ್. ಲ್ಯಾಬಿನ ಆ ಅಮ್ಮನಿಗೆ ನಾನು ಉಸ್ತೆದ್ ಅನ್ನುತ್ತಿದ್ದೆ, ಅವರು ನನಗೆ ತು. ಯಾರೂ ಹೇಳಿಕೊಡಬೇಕಾಗಲಿಲ್ಲ.

ಉಚ್ಚಾರಣೆಗೆ ಬರೋಣ. ಸ್ಪ್ಯಾನಿಷ್ 'ತ' ನಮ್ಮ ತ, 'ಪ' ನಮ್ಮ ಪ. ಅಮೆರಿಕದ ಹುಡುಗರ ಬಾಯಲ್ಲಿ ಪ ಬಂದರೆ ಗಾಳಿ ಸೇರುತ್ತದೆ, ತ ಹೋಗಿ ಟ ಆಗುತ್ತದೆ. ಬೆಂಗಳೂರಿನಲ್ಲಿ ಟಾಕೋ ಅನ್ನುತ್ತೇವಲ್ಲ, ಅದು ತಾಕೊ. ಪೆರೊ ಅಂದರೆ 'ಆದರೆ', ಪೆರ್ರೊ ಅಂದರೆ ನಾಯಿ. ಅವರು ನಾಲಿಗೆ ನಡುಗಿಸಲು ಯೂಟ್ಯೂಬ್ ನೋಡಿ ಅಭ್ಯಾಸ ಮಾಡುತ್ತಿದ್ದರು, ನಾನು 'ಕರ್ರಗೆ' ಅಂತ ಹೇಳಿಕೊಂಡು ಪಾಸಾದೆ. ಮಞಾನ (ನಾಳೆ), ನಿಞೊ (ಮಗು) ಇವುಗಳಲ್ಲಿ ಬರುವ ಅಕ್ಷರ, 'ಎನ್' ಮೇಲೆ ಸಣ್ಣ ಅಲೆ ಇರುತ್ತದಲ್ಲ, ಅದು ನಮ್ಮ ಞ. ಒಂದನೇ ಕ್ಲಾಸಿನಲ್ಲಿ ಕಲಿತು ಆಮೇಲೆ ಜ್ಞಾನ, ವಿಜ್ಞಾನದ ಒತ್ತಕ್ಷರದಲ್ಲಿ ಬಿಟ್ಟರೆ ಕೆಲಸವೇ ಇಲ್ಲದೆ ಕೂತಿದ್ದ ಅಕ್ಷರ!

ಎಡವಿದ್ದು ಒತ್ತಿನಲ್ಲಿ. ಒತ್ತಕ್ಷರ ಅಲ್ಲ, ಪದದ ಒಂದು ಭಾಗವನ್ನು ಒತ್ತಿ ಹೇಳುವುದು. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘ ಇಲ್ಲ, ಯಾವ ಅಕ್ಷರದ ಮೇಲೆ ಒತ್ತು ಅನ್ನುವುದರಿಂದ ಅರ್ಥ ಬದಲಾಗುತ್ತದೆ. ಬಾಯಿಪರೀಕ್ಷೆಯಲ್ಲಿ ಅಪ್ಪನ ಕೆಲಸದ ಬಗ್ಗೆ ಹೇಳುವಾಗ 'ಪಪಾ' ಅನ್ನುವ ಬದಲು 'ಪಾಪ' ಅಂದೆ. ಪಾಪ ಅಂದರೆ ಆಲೂಗಡ್ಡೆ. ನನ್ನ ಆಲೂಗಡ್ಡೆ ಮಂಡ್ಯದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತದೆ ಅಂತ ಮೇಡಂಗೆ ಹೇಳಿದಂತಾಯಿತು. ಅವತ್ತಿನಿಂದ ನೋಟ್ಸ್ ಅನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡೆ, ಒತ್ತು ಇರುವ ಕಡೆ ದೀರ್ಘ ಹಾಕಿ. ಆಬ್ಲೊ, ಮಾತಾಡುತ್ತೇನೆ. ಅಬ್ಲೋ, ಮಾತಾಡಿದ. ಇದು ವ್ಯಾಕರಣ ಶುದ್ಧವಲ್ಲ, ಆದರೆ ಕೆಲಸ ಮಾಡುತ್ತದೆ.

ಸ್ಪ್ಯಾನಿಷ್‌ನಲ್ಲಿ 'ಎಚ್' ಬರೆಯುತ್ತಾರೆ, ಓದುವುದಿಲ್ಲ. ಅದಕ್ಕೇ ಹೊಲಾ ಅಲ್ಲ, ಓಲಾ. ಯಾಕೆ ಹೀಗೆ ಅಂತ ಹುಡುಕಿದರೆ ಒಂದು ಮಜಾ ಸಿಕ್ಕಿತು. ಲ್ಯಾಟಿನ್‌ನ ಎಷ್ಟೋ ಪದಗಳ ಮೊದಲಿನ 'ಫ' ಸ್ಪ್ಯಾನಿಷ್‌ನಲ್ಲಿ ಮೊದಲು 'ಹ' ಆಯಿತು, ಆಮೇಲೆ ಬಾಯಿಂದ ಪೂರ್ತಿ ಉದುರಿಹೋಯಿತು, ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಲ್ಯಾಟಿನ್ ಫರೀನಾ, ಹಿಟ್ಟು, ಈಗ ಅರೀನಾ. ಫೀಲಿಯುಸ್, ಮಗ, ಈಗ ಈಹೊ, ನನ್ನ ಮಿಹೋ ಬಂದದ್ದು ಅಲ್ಲಿಂದಲೇ. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು. ನಮ್ಮ ಅಜ್ಜಿ ಹಾಲಿಗೆ 'ಆಲು' ಅನ್ನುತ್ತಿದ್ದರು, ಹೋಗು ಅನ್ನಲು 'ಓಗು'. ಅದನ್ನು ಕೇಳಿ ಸ್ಕೂಲಿನಲ್ಲಿ ನಾವೆಲ್ಲ ನಗುತ್ತಿದ್ದೆವು. ಸ್ಪೇನಿನಲ್ಲಿ ಅದೇ ಶುದ್ಧ ಭಾಷೆ.

ಪದಗಳಲ್ಲೂ ಒಂದಿಷ್ಟು ಪರಿಚಯದವು ಸಿಗುತ್ತವೆ. ನಮ್ಮ ಮೇಜು ಸ್ಪ್ಯಾನಿಷ್‌ನಲ್ಲಿ ಮೇಸಾ. 'ಪಗಾರ್' ಅಂದರೆ ದುಡ್ಡು ಕೊಡು ಅಂತ ಓದಿದ ದಿನ ಹುಬ್ಬಳ್ಳಿಯ ನನ್ನ ರೂಮ್‌ಮೇಟ್ 'ಇದು ನಮ್ ಪಗಾರ ಅಲ್ಲೇನಲೇ' ಅಂದ. ಹೌದು, ಅದೇ, ಪೋರ್ಚುಗೀಸ್ ದಾರಿಯಲ್ಲಿ ಬಂದದ್ದು.

ಈಗ ಕನ್ನಡ ಏನೂ ಸಹಾಯ ಮಾಡದ ಜಾಗ. ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು. ನಮಗೆ ಮನುಷ್ಯರೂ ದೇವರೂ ಬಿಟ್ಟರೆ ಉಳಿದದ್ದೆಲ್ಲ 'ಅದು'. ಹಿಂದಿ ಕ್ಲಾಸಿನಲ್ಲಿ ರೋಟಿಯೂ ಪಾನಿಯೂ ಹೇಗೆ ಸತಾಯಿಸಿದವೋ ಹಾಗೇ ಇಲ್ಲೂ. 'ಒ' ಕೊನೆಯಾದರೆ ಗಂಡು, 'ಅ' ಕೊನೆಯಾದರೆ ಹೆಣ್ಣು ಅಂತ ಶುರುವಾಗುತ್ತದೆ, ನೆಮ್ಮದಿಯಾಗುತ್ತದೆ. ಅಷ್ಟರಲ್ಲಿ ಕೈ ಅನ್ನುವ ಮಾನೊ ಹೆಣ್ಣು, ದಿನ ಅನ್ನುವ ದೀಆ ಗಂಡು. ಇದಕ್ಕೆ ಅಡ್ಡದಾರಿ ನನಗಂತೂ ಸಿಗಲಿಲ್ಲ. ಗಂಡಾದರೆ ಎಲ್, ಹೆಣ್ಣಾದರೆ ಲಾ ಅಂತ ಸೇರಿಸಿಯೇ ಪದ ಕಲಿಯಬೇಕು.

ಕೊನೆಯಲ್ಲಿ ನನಗೆ ಬಂದದ್ದು 'ಬಿ ಪ್ಲಸ್'. ಹದಿನೈದು ವಾರದಲ್ಲಿ ವರ್ತಮಾನ ಕಾಲ ಗಟ್ಟಿಯಾಗುತ್ತದೆ, ಭೂತಕಾಲದ ಬಾಗಿಲು ತಟ್ಟುತ್ತೀರಿ, ಅಷ್ಟೇ. ಟಿವಿಯಲ್ಲಿ ಮಾತಾಡಿದರೆ ಏನೂ ಅರ್ಥವಾಗುವುದಿಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಮಾಪು ಹಿಡಿದ ಒಬ್ಬರ ಜೊತೆ ಮಕ್ಕಳು, ಮೊಣಕಾಲು ನೋವು, ಮೆಣಸಿನಕಾಯಿ ಬಗ್ಗೆ ಮಾತಾಡಬಹುದು. ನಮ್ಮ ಮೆಣಸಿನಕಾಯಿ ಮೊದಲು ಹೊರಟದ್ದೇ ಅವರ ಕಡೆಯಿಂದ ಅಂತ ಹೇಳಿದಾಗ ಅವರು ನಂಬಲಿಲ್ಲ, ನಮ್ಮಮ್ಮನೂ ನಂಬಲಿಲ್ಲ.

ಮೊನ್ನೆ ಅಕ್ಕನ ಮಗಳು ಕಾಲೇಜಿನಲ್ಲಿ ಸ್ಪ್ಯಾನಿಷ್ ತಗೊಂಡಿದ್ದೀನಿ ಅಂತ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದಳು. ಇಷ್ಟೆಲ್ಲ ಹೇಳಿ, ಮೊದಲ ದಿನದಿಂದಲೇ ನೋಟ್ಸ್ ಕನ್ನಡ ಅಕ್ಷರದಲ್ಲಿ ಬರೀ ಅಂದೆ. ಅವಳು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಾಮ, ಆ ಞ ಬರೆಯೋದು ಹೇಗೆ?"