ಗೈರೋ ಲಾಗ್: ತೂಕ ಸರಿ ಇದ್ದರೂ ಚಕ್ರ ನಡುಗಿದ್ದು ಯಾಕೆ?

ನಾನು ಮನೆಯಲ್ಲಿ ಮಾಡುತ್ತಿರುವ ಗೈರೋಸ್ಕೋಪಿನ (ರಿಂಗುಗಳ ನಡುವೆ ಜೋರಾಗಿ ತಿರುಗುವ ಭಾರದ ಚಕ್ರ) ನಡುಕ ಕೊನೆಗೂ ನಿಂತಿತು. ಈಗ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಫ್ರೇಮಿನ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿದರೂ ಬೀಳುತ್ತಿಲ್ಲ. ಚಕ್ರವನ್ನು ಎಲ್ಲ ಕಡೆ ವಾಲಲು ಬಿಡುವ ಒಳ, ಹೊರ ಗಿಂಬಲ್ ರಿಂಗು, ಅವು ತಿರುಗುವ ಪಿವೊಟ್ ಸ್ಕ್ರೂ ಇವೆಲ್ಲ ಗೈರೋ ಮಾಡುವವರೆಲ್ಲ ಮಾಡುವಂಥವೇ, ಬಿಡಿ. ಈ ಸಲ ಪೂರ್ತಿ ಚಕ್ರದ್ದೇ ಪುರಾಣ.

ಹಿತ್ತಾಳೆ ಚಕ್ರ. 100 ಮಿಮೀ ವ್ಯಾಸ, 15 ಮಿಮೀ ದಪ್ಪ, ತೂಕ ಒಂದು ಕಿಲೋ. ಉದ್ಯಮಬಾಗದ ಒಂದು ಲೇತ್ ಶಾಪಿನಲ್ಲಿ ಮಾಡಿಸಿದ್ದು. ಬೆಳಗಾವಿ ತುಂಬ ಫೌಂಡ್ರಿ, ಲೇತು. ಆದರೆ ಒಂದೇ ಪೀಸ್ ಅಂದರೆ ಎಲ್ಲರ ಮುಖವೂ ಸಪ್ಪಗಾಗುತ್ತೆ. 'ನೂರ್ ಪೀಸ್ ಇದ್ರ ಹೇಳ್ರಿ ಸರ್' ಅಂತಾರೆ. ನೂರು ಗೈರೋ ಇಟ್ಟುಕೊಂಡು ನಾನೇನು ರಾಕೆಟ್ ಬಿಡಲಾ?

ಶಾಫ್ಟ್ ಹಾಕಿ ಎರಡು ಸ್ಟೀಲ್ ಸ್ಕೇಲುಗಳ ಅಂಚಿನ ಮೇಲೆ ಇಟ್ಟರೆ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ಯಾವ ಕಡೆಯೂ ಭಾರ ಜಾಸ್ತಿ ಇಲ್ಲ. ಆದರೂ ಮೋಟಾರ್ ಹಚ್ಚಿ ವೇಗ ಏರಿಸಿದರೆ ಟೇಬಲ್ಲೇ ಗುಂಯ್ ಅನ್ನುತ್ತಿತ್ತು. ಮೊದಲ ಅನುಮಾನ ಶಾಫ್ಟ್ ಹಿಡಿಯುವ 608 ಅಳತೆಯ ಬೇರಿಂಗ್ ಮೇಲೆ. ಡಬ್ಬಿ ಮೇಲೆ ದೊಡ್ಡ ಹೆಸರು, ಒಳಗೆ ಬರೀ ಗ್ರೀಸು. ಬದಲಾಯಿಸಿದೆ. ಸದ್ದಿನ ರಾಗ ಬದಲಾಯಿತು, ನಡುಕ ಹಾಗೇ ಇತ್ತು.

ಆಮೇಲೆ ಚಕ್ರದ ಮುಖಕ್ಕೆ, ಅಂಚಿನ ಹತ್ತಿರ, ಡಯಲ್ ಗೇಜ್ (ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಅಳತೆಗಡಿಯಾರ) ಹಚ್ಚಿ ನಿಧಾನಕ್ಕೆ ತಿರುಗಿಸಿದೆ. ಮುಳ್ಳು 0.30 ಮಿಮೀ ಆಚೀಚೆ! ತೂತನ್ನೇ ಓರೆಯಾಗಿ ಕೊರೆದಿದ್ದಾರೆ. ಕಡಕ್ ರೊಟ್ಟಿಯ ನಡುವೆ ಕಡ್ಡಿಯನ್ನು ಸೊಟ್ಟಗೆ ಚುಚ್ಚಿದ ಹಾಗೆ.

ಸ್ಕೇಲ್ ಪರೀಕ್ಷೆ ಕೇಳೋದು ಒಂದೇ ಪ್ರಶ್ನೆ: ತೂಕದ ಕೇಂದ್ರ ಶಾಫ್ಟಿನ ಗೆರೆ ಮೇಲಿದೆಯಾ? ಇತ್ತು. ಆದರೆ ಚಕ್ರಕ್ಕೆ ತನ್ನದೇ ಒಂದು ಅಕ್ಷ ಇದೆ, ಮುಖಕ್ಕೆ ಲಂಬವಾಗಿ. ಅದು ಶಾಫ್ಟಿನಿಂದ ಸುಮಾರು 0.2 ಡಿಗ್ರಿ ವಾಲಿತ್ತು. ಆಗ ತಿರುಗೋದು ಶಾಫ್ಟಿನ ಸುತ್ತ, ಕೋನೀಯ ಸಂವೇಗ (ತಿರುಗಾಟದ ಅಳತೆ, ಅದಕ್ಕೊಂದು ದಿಕ್ಕೂ ಇರುತ್ತೆ) ಮಾತ್ರ ಬೇರೆ ದಿಕ್ಕಿಗೆ. ಆ ದಿಕ್ಕು ಚಕ್ರದ ಜೊತೆಗೇ ಸುತ್ತುತ್ತೆ. ಅದನ್ನು ಹಾಗೆ ಸುತ್ತಿಸುವ ಟಾರ್ಕ್ (ತಿರುಚುವ ಬಲ) ಬೇರಿಂಗುಗಳೇ ಕೊಡಬೇಕು. ಲೆಕ್ಕ ಹಾಕಿದರೆ 6000 ಆರ್‌ಪಿಎಂಗೆ 0.8 ನ್ಯೂಟನ್ ಮೀಟರ್. ಬೇರಿಂಗುಗಳ ನಡುವೆ 40 ಮಿಮೀ ಅಂತರ, ಅಂದರೆ ಒಂದೊಂದಕ್ಕೂ ಎರಡು ಕಿಲೋ ಹೊಡೆತ, ಒಂದು ಈ ಕಡೆ, ಇನ್ನೊಂದು ಆ ಕಡೆ, ಸೆಕೆಂಡಿಗೆ 100 ಸುತ್ತು. ವೇಗ ಅರ್ಧ ಮಾಡಿದರೆ ಹೊಡೆತ ಕಾಲು ಭಾಗ. ನಿಧಾನಕ್ಕೆ ತಿರುಗಿಸಿದಾಗ ಏನೂ ಗೊತ್ತಾಗದೇ ಇದ್ದದ್ದು ಅದಕ್ಕೇ.

ಶಾಪಿನವರದು ಒಂದೇ ಮಾತು: 'ಬ್ಯಾಲೆನ್ಸ್ ಮಾಡೇ ಕೊಟ್ಟೀವ್ರಿ.' ಸುಳ್ಳಲ್ಲ, ಅಲ್ವಾ? ಜಗಳ ಬಿಟ್ಟೆ. ಚಕ್ರವನ್ನು ಶಾಫ್ಟಿನಲ್ಲೇ ಬಿಗಿಯಾಗಿ ಕೂರಿಸಿ, ಲೇತಿನ ಎರಡು ಸೆಂಟರುಗಳ (ಚೂಪು ಮೊನೆಗಳ) ನಡುವೆ ಹಿಡಿದು, ಎರಡೂ ಮುಖ ಮತ್ತು ಅಂಚನ್ನು ಒಂದೇ ಸೆಟ್ಟಿಂಗಿನಲ್ಲಿ ತೆಳ್ಳಗೆ ಹೆರೆಸಿದೆ. ಸುಮಾರು 50 ಗ್ರಾಂ ಹಿತ್ತಾಳೆ ಪುಡಿಯಾಗಿ ಹೋಯಿತು. ಈಗ ಡಯಲ್ ಮುಳ್ಳು ಅಲ್ಲಾಡುವುದೇ ಇಲ್ಲ ಅನ್ನಬಹುದು.

ಈ ಓರೆ ಅಕ್ಷದ ಗುಂಗಿನಲ್ಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. 1985ರಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯುತ್ 7ರಲ್ಲಿ ಗಗನಯಾತ್ರಿ ಜಾನಿಬೆಕೋವ್ ಒಂದು ರೆಕ್ಕೆ ನಟ್ ಕಂಡರು, ಅದು ತಿರುಗುತ್ತಾ ತಿರುಗುತ್ತಾ ತಾನೇ ಪಲ್ಟಿ ಹೊಡೆಯುತ್ತಿತ್ತು. ಮೂರು ಅಕ್ಷಗಳಲ್ಲಿ ಮಧ್ಯಮ ಇನರ್ಶಿಯಾದ (ತಿರುಗಿಸಲು ಅಡ್ಡಿ ಮಾಡುವ ಜಡತ್ವ) ಅಕ್ಷದ ಸುತ್ತ ತಿರುಗಿದರೆ ಹಾಗೇ ಆಗೋದು. ಅಲ್ಯೂಮಿನಿಯಂ ಬ್ಲಾಕಿಗೆ ಜರುಗುವ ತೂಕ ಹಾಕಿ, ಅದೇ ಅಕ್ಷವನ್ನು ಮಧ್ಯಮದಿಂದ ದೊಡ್ಡದಕ್ಕೆ ದಾಟಿಸಿದರೆ ಪಲ್ಟಿ ನಿಲ್ಲಬೇಕು. ಹಾಸಿಗೆ ಮೇಲೆ ಎಸೆದು ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿಯೋದು. ಮನೆಯವರಿಗೆ ಇನ್ನೂ ಹೇಳಿಲ್ಲ.

ಇರಲಿ, ಗೈರೋಗೆ ಬರೋಣ. ಚಕ್ರ ತಿರುಗುತ್ತಿರುವಾಗ ಒಳ ರಿಂಗಿಗೆ ಶಾಫ್ಟಿನ ಗೆರೆಯಲ್ಲೇ, ಮಧ್ಯದಿಂದ 6 ಸೆಂಮೀ ದೂರಕ್ಕೆ 100 ಗ್ರಾಂ ತೂಗಿಬಿಟ್ಟೆ. ತೂಕ ಕೆಳಗೆ ಇಳಿಯಲಿಲ್ಲ, ಹೊರ ರಿಂಗು ಪಕ್ಕಕ್ಕೆ ತಿರುಗತೊಡಗಿತು. ಲೆಕ್ಕದ ಪ್ರಕಾರ ಕಾಲು ಸುತ್ತಿಗೆ 20 ಸೆಕೆಂಡು. ಸ್ಟಾಪ್‌ವಾಚ್ 19 ತೋರಿಸಿತು. ಚಕ್ರದ ವೇಗ ಇಳಿದಷ್ಟೂ ಈ ತಿರುಗು ಜೋರಾಗುತ್ತೆ, ಹಾಗಾಗಿ ಆ ಒಂದು ಸೆಕೆಂಡಿನ ಬಗ್ಗೆ ತಕರಾರಿಲ್ಲ. ಹೊರ ರಿಂಗಿನ ಕೆಳಗಿನ ಪಿವೊಟ್ ಮಾತ್ರ ಇನ್ನೂ ಸ್ವಲ್ಪ ಬಿಗಿ. ಅದನ್ನು ನಾಳೆ ಬಿಚ್ಚಬೇಕು.