ಕಪಾಟಿನೊಳಗಿನ ಸರ್ವರ್, ಕಲಬುರಗಿಯ ಬೇಸಿಗೆ

ಕಲಬುರಗಿಯಲ್ಲಿ ಸಣ್ಣಪುಟ್ಟ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಒಬ್ಬ ಆಡಿಟರ್ ಮನೆಯೂ ಒಂದು. ಕೆಳಗೆ ಆಫೀಸು, ಮೇಲೆ ಮನೆ. ಆಫೀಸಿನ ಎಲ್ಲ ಕಂಪ್ಯೂಟರಿಗೂ ಫೈಲು ಒದಗಿಸುವ ಸರ್ವರ್ ಮೇಲಿನ ಸ್ಟೋರ್ ರೂಮಿನ ಮರದ ಕಪಾಟಿನಲ್ಲಿತ್ತು. ಧೂಳು ಬೀಳಬಾರದು, ಮೊಮ್ಮಕ್ಕಳ ಕೈಗೆ ಸಿಗಬಾರದು ಅಂತ ಅಲ್ಲಿ ಇಡಿಸಿದವನು ನಾನೇ. ಇಡಿಸಿದ್ದು ಡಿಸೆಂಬರಿನಲ್ಲಿ, ಅಲ್ಲೇ ಎಡವಿದ್ದು.

ಮೇ ತಿಂಗಳಲ್ಲಿ ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬರತೊಡಗಿತು, 'ಟ್ಯಾಲಿ ಭಾಳ ಸ್ಲೋ ಆಗ್ಯಾದ್ರೀ' ಅಂತ. ಟ್ಯಾಲಿ ಅಂದರೆ ಅವರ ಲೆಕ್ಕಪತ್ರದ ಸಾಫ್ಟ್‌ವೇರ್. ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಬದಲಿಸಿದೆ, ಕೇಬಲ್ ಬದಲಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಸರಿಯಾಗೇ ಇರುತ್ತಿತ್ತು. ನಾಲ್ಕನೇ ಸಲ ಮಧ್ಯಾಹ್ನವೇ ಹೋಗಿ, ಲ್ಯಾಪ್‌ಟಾಪ್ ತೆರೆದು ತಲೆ ಕೆರೆದುಕೊಳ್ಳುತ್ತಿದ್ದಾಗ ಆಡಿಟರ್ ತಾಯಿ ಬಂದರು. 'ಅದರಾಗ ಏನ್ ನೋಡ್ತಿಯಪಾ, ಕಪಾಟ ಮುಟ್ಟಿ ನೋಡು. ರೊಟ್ಟಿ ಹಂಚು ಕಾದಂಗ ಕಾದದ.'

ಬಾಗಿಲು ತೆರೆದೆ. ಮುಖಕ್ಕೆ ಬಿಸಿ ಗಾಳಿ ಹೊಡೆಯಿತು. ಥರ್ಮಾಮೀಟರ್ ಇಟ್ಟು ನೋಡಿದರೆ ರೂಮಿನಲ್ಲಿ 37 ಡಿಗ್ರಿ, ಕಪಾಟಿನೊಳಗೆ 49. ಹಾರ್ಡ್ ಡಿಸ್ಕ್ 59, ಪ್ರೊಸೆಸರ್ 98. ನೂರರ ಹತ್ತಿರ ಬಂದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಟ್ಯಾಲಿ ನಿಧಾನವಾಗಿದ್ದು ಅದಕ್ಕೇ, ನಾನು ಬದಲಿಸಿದ ಸ್ವಿಚ್ಚಿನ ತಪ್ಪೇನೂ ಇರಲಿಲ್ಲ.

ಲೆಕ್ಕ ಸರಳ. ಆ ಮೆಷಿನ್ ಎಳೆಯುವುದು 90 ವ್ಯಾಟ್, ದಿನಕ್ಕೆ ಎರಡು ಯೂನಿಟ್ ಚಿಲ್ಲರೆ. ಆ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹಳೇ ಕಾಲದ ದೊಡ್ಡ ಬಲ್ಬೊಂದನ್ನು ಮುಚ್ಚಿದ ಕಪಾಟಿನೊಳಗೆ ಹಗಲು ರಾತ್ರಿ ಉರಿಸಿದಂತೆ. ಮೇಲೆ ಆರ್‌ಸಿಸಿ ಛತ್ತು, ಪಕ್ಕದಲ್ಲಿ ಪಡುವಣ ಗೋಡೆ. ಹೊತ್ತು ಮುಳುಗಿದರೂ ಅವು ಆರುವುದು ನಡುರಾತ್ರಿಗೆ.

ಮೊದಲು ಮಾಡಿದ ಎರಡೂ ಉಪಾಯ ದಡ್ಡತನದವು. ಕಪಾಟಿನೊಳಗೆ ಒಂದು ಫ್ಯಾನ್ ಕೂರಿಸಿದೆ. ಅದು ಅದೇ ಬಿಸಿ ಗಾಳಿಯನ್ನು ಗರಗರ ತಿರುಗಿಸಿತು, ಅಷ್ಟೇ. ಆಮೇಲೆ ಕಪಾಟಿನ ಬಾಗಿಲು ತೆಗೆದಿಟ್ಟು ಎದುರಿಗೇ ಕೂಲರ್ ಇಟ್ಟೆವು. ಟೆಂಪರೇಚರ್ ಇಳಿದದ್ದು ನಿಜ, ಖುಷಿಯೂ ಆಯಿತು. ಮೂರು ವಾರಕ್ಕೆ ನೆಟ್‌ವರ್ಕ್ ಪೋರ್ಟಿನ ಸುತ್ತ ಬಿಳಿ ಪುಡಿ ಕೂತಿತು. ಬೋರ್‌ವೆಲ್ಲಿನ ಗಡಸು ನೀರು, ಪ್ಯಾಡಿನಿಂದ ಹನಿ ಹಾರಿ ಬಂದ ಉಪ್ಪು. ಕೂಲರಿಗೆ ಕಿಟಕಿ ತೆರೆದಿರಬೇಕು ಅನ್ನುವುದನ್ನೂ ಯಾರೂ ಪಾಲಿಸಿರಲಿಲ್ಲ. ಮುಚ್ಚಿದ ರೂಮಿನಲ್ಲಿ ಅದು ತೇವ ಏರಿಸುತ್ತಾ ಹೋಗುತ್ತದೆ, ಹೆಚ್ಚು ಹೊತ್ತು ತಂಪು ಮಾಡುವುದಿಲ್ಲ.

ಎಸಿ ಹಾಕಿಸಿ ಅಂದವರೂ ಇದ್ದರು. ಕರೆಂಟ್ ಹೋದಾಗ ಏನಾಗುತ್ತದೆ ನೋಡಿ: ಎಸಿ ನಿಲ್ಲುತ್ತದೆ, ಇನ್ವರ್ಟರ್ ಮೇಲೆ ಸರ್ವರ್ ಮಾತ್ರ ಓಡುತ್ತಲೇ ಇರುತ್ತದೆ. ಎಸಿಗೆಂದು ಬಿಗಿಯಾಗಿ ಮುಚ್ಚಿದ ರೂಮು ಆಗ ಇನ್ನೊಂದು ಕಪಾಟು.

ಕೊನೆಗೆ ಸರ್ವರನ್ನು ಕೆಳಗಿನ ಆಫೀಸಿಗೇ ಇಳಿಸಿದೆ. ಶಹಾಬಾದ್ ಕಲ್ಲಿನ ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಯಿಂದ ಒಂದು ಮೊಳ ದೂರ, ಕಬ್ಬಿಣದ ತೆರೆದ ಸ್ಟ್ಯಾಂಡ್ ಮೇಲೆ. ತಣ್ಣಗಿನ ಗಾಳಿ ಮುಂದಿನಿಂದ ಒಳಕ್ಕೆ, ಬಿಸಿ ಗಾಳಿ ಹಿಂದಿನಿಂದ ಕಿಟಕಿಯ ಕಡೆಗೆ. ಪ್ರೊಸೆಸರ್ ಮೇಲಿನ, ಅದರ ಶಾಖ ಹೀರುವ ಲೋಹದ ಹೀಟ್ ಸಿಂಕ್ ಬಿಚ್ಚಿದರೆ ಧೂಳು ಕಂಬಳಿಯಂತೆ ಕೂತಿತ್ತು, ಉಗುರಿನಿಂದ ಎಬ್ಬಿಸಿದರೆ ಒಂದೇ ಪದರವಾಗಿ ಎದ್ದು ಬಂತು. ಬ್ರಷ್ ಹಾಕಿ, ಬ್ಲೋವರ್ ಹೊಡೆದು, ಅವೆರಡರ ನಡುವೆ ಶಾಖ ದಾಟಿಸುವ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದೆ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ. ಬಿಟ್ಟರೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಯೋಸ್‌ನಲ್ಲಿ (ಮೆಷಿನ್ನಿನ ಮೂಲ ಸೆಟ್ಟಿಂಗು) ಪ್ರೊಸೆಸರ್ ವೇಗ ಏರಿಸುವ ಟರ್ಬೊ ಆಫ್ ಮಾಡಿದೆ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಓಡುತ್ತಿದ್ದ ಬ್ಯಾಕಪ್ ಬೆಳಗಿನ ಜಾವ ನಾಲ್ಕಕ್ಕೆ ಹೋಯಿತು.

ಈಗ ಹೊರಗೆ 42 ಇದ್ದ ದಿನವೂ ಡಿಸ್ಕ್ 45ರ ಆಸುಪಾಸು. ದೊಡ್ಡ ಡೇಟಾ ಸೆಂಟರುಗಳಿಗೆ ಹೇಳುವ 18ರಿಂದ 27 ಡಿಗ್ರಿ ಗಾಳಿ ನಮ್ಮ ಮನೆಗಳಿಗೆ ಕನಸಿನ ಮಾತು. ಎಷ್ಟೇ ಫ್ಯಾನ್ ಹಾಕಿದರೂ ರೂಮಿನ ಗಾಳಿಗಿಂತ ತಂಪಾಗಲು ಸಾಧ್ಯವಿಲ್ಲವಲ್ಲ. ಆದರೆ 45 ಕಂಡು ಹೆದರುವ ಹುಡುಗರಿಗೆ ನಾನು 2007ರ ಗೂಗಲ್ ಅಧ್ಯಯನದ ಕತೆ ಹೇಳುತ್ತೇನೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿದವರಿಗೆ, ತೀರಾ ಹೆಚ್ಚಿನ ಶಾಖ ಬಿಟ್ಟರೆ, ಟೆಂಪರೇಚರಿಗೂ ಡಿಸ್ಕ್ ಕೆಡುವುದಕ್ಕೂ ಅಂಥ ನಂಟು ಕಾಣಲಿಲ್ಲ. ಶಾಖಕ್ಕೆ ನಿಜವಾಗಿ ಸೊರಗುವುದು ಯುಪಿಎಸ್ ಬ್ಯಾಟರಿ: 25ರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧ ಅನ್ನುವುದು ನಮ್ಮವರ ಲೆಕ್ಕ. ಅದನ್ನೂ ಕೆಳಗಿಳಿಸಿದೆ.

ಡಿಸ್ಕ್ 52 ದಾಟಿದರೆ ನನ್ನ ಫೋನಿಗೆ ಮೆಸೇಜು, 60 ಆದರೆ ಸರ್ವರ್ ತಾನೇ ಬಂದ್ ಆಗುವಂತೆ ಸ್ಕ್ರಿಪ್ಟ್ ಬರೆದಿಟ್ಟೆ. ಈ ವರ್ಷ ಮೊದಲ ಮೆಸೇಜು ಬಂದದ್ದು ಮೋಡ ಕವಿದು ಮಳೆ ಹನಿಯುತ್ತಿದ್ದ, ತಂಪಾದ ಒಂದು ಮಧ್ಯಾಹ್ನ. ಗಾಬರಿಯಾಗಿ ಓಡಿದೆ. ಸ್ಟ್ಯಾಂಡಿನ ಹಿಂದೆ, ಬಿಸಿ ಗಾಳಿ ಬರುವ ಜಾಗಕ್ಕೇ ಒತ್ತಿಕೊಂಡು ಒಂದು ಮೊರ, ಅದರ ತುಂಬ ಅರೆಬರೆ ಒಣಗಿದ ಸಂಡಿಗೆ, ಮೇಲೊಂದು ಹಳೇ ಸೀರೆ.

'ಇದೇನ್ರೀ ಅವ್ವಾರ?' ಅಂದೆ.

'ಬಿಸಿಲಿಲ್ಲಲ್ಲಪಾ. ಅಷ್ಟು ಬಿಸಿ ಗಾಳಿ ಸುಮ್ನ ಹೊರಗ ಹೊಂಟಿತ್ತು.'